ಅಪರಾಧ ಧಾರಾವಾಹಿಗಳಲ್ಲಿ ಯಹೂದಿ ಹೆಣ್ಣು: ಗೋಳಾಡುವ ಅಮ್ಮನೂ ಅಲ್ಲ, ಬಂದೂಕು ಹಿಡಿದವಳೂ ಅಲ್ಲ, ಹಾಗಾದರೆ ಯಾರು?

ತುಂಗಾತೀರ ಬರೆದಿದ್ದಾರೆ:

'ಲೇಡಿ ಇನ್ ದ ಲೇಕ್' ಧಾರಾವಾಹಿಯ ಏಳೂ ಕಂತುಗಳನ್ನು ನೋಡಿದ ಮೇಲೆ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತಿದೆ. ಪತ್ತೇದಾರಿ ಕಥೆಗಳನ್ನು ಮನಸ್ಸಿಟ್ಟು ನೋಡುವವರು ಇಲ್ಲಿ ಬಹಳ ಮಂದಿ ಇದ್ದೀರಿ, ಅದಕ್ಕೇ ನಿಮ್ಮ ಮುಂದಿಡುತ್ತೇನೆ. ಕೊಲೆ, ಪೊಲೀಸು, ನ್ಯಾಯಾಲಯಗಳ ಈ ಕಥೆಗಳಲ್ಲಿ ಯಹೂದಿ ಹೆಣ್ಣಿಗೆ ಸಿಕ್ಕಿರುವ ಜಾಗ ಎಂಥದ್ದು?

ಅಮೆರಿಕದ ಹಾಸ್ಯ ಧಾರಾವಾಹಿಗಳು ಅವಳಿಗಾಗಿ ಎರಡು ಅಚ್ಚುಗಳನ್ನು ಬಹಳ ಹಿಂದೆಯೇ ಎರೆದಿಟ್ಟಿದ್ದವು. ಒಂದು, ಮಕ್ಕಳ ಊಟದಿಂದ ಮದುವೆಯವರೆಗೆ ಎಲ್ಲದರಲ್ಲೂ ಮೂಗು ತೂರಿಸುವ ತಾಯಿ. ಇನ್ನೊಂದು, ಅಪ್ಪನ ದುಡ್ಡಿನಲ್ಲಿ ಮೆರೆಯುವ ಮುದ್ದಿನ ಮಗಳು. 1993ರಿಂದ 1999ರವರೆಗೆ ನಡೆದ 'ದ ನ್ಯಾನಿ'ಯಲ್ಲಿ ಈ ಎರಡು ಅಚ್ಚುಗಳ ಛಾಯೆಯೂ ಇದೆ. ಆದರೆ ಅಲ್ಲಿ ಫ್ರಾನ್ ಡ್ರೆಶರ್ ತನ್ನವರ ಬಗೆಗಿನ ಪ್ರೀತಿಯಿಂದಲೇ ನಗಿಸಿದಳು. ಅಪರಾಧ ಧಾರಾವಾಹಿಗಳಲ್ಲಿ ಇಷ್ಟೂ ಇರಲಿಲ್ಲ. ಅದೇ 1993ರಲ್ಲಿ 'ಹೋಮಿಸೈಡ್: ಲೈಫ್ ಆನ್ ದ ಸ್ಟ್ರೀಟ್' ಮೂಲಕ ಬಂದ ಪತ್ತೇದಾರ ಜಾನ್ ಮಂಚ್ ಯಹೂದಿ. ರಿಚರ್ಡ್ ಬೆಲ್ಜರ್ ಆ ಪಾತ್ರವನ್ನು ಒಂದು ಧಾರಾವಾಹಿಯಿಂದ ಇನ್ನೊಂದಕ್ಕೆ ಹೊತ್ತುಕೊಂಡು ಹೋಗಿ ಎರಡು ದಶಕ ಬಾಳಿಸಿದರು. ಮಂಚ್‌ಗೆ ಸಂಶಯವಿತ್ತು, ಸಿಡುಕಿತ್ತು, ಮುರಿದ ಮದುವೆಗಳಿದ್ದವು, ರಾಜಕೀಯವಿತ್ತು. ಅವನ ಹೆಣ್ಣು ಜೋಡಿ ಎಲ್ಲಿ? ಸತ್ತವನ ತಾಯಿಯಾಗಿ ಕಣ್ಣೀರಿಡಲು ಒಂದು ದೃಶ್ಯ, ಸಾಕ್ಷಿಕಟ್ಟೆಯಲ್ಲಿ ಒಂದು ದೃಶ್ಯ, ಅಷ್ಟೇ ಅವಳ ಪಾಲು. ಎದ್ದು ಕಾಣುವ ಅಪವಾದವೆಂದರೆ 'ಲಾ ಅಂಡ್ ಆರ್ಡರ್'ನಲ್ಲಿ ಟೋವಾ ಫೆಲ್ಡ್‌ಶೂ ಆಗಾಗ ಬಂದು ನಿರ್ವಹಿಸಿದ ಪ್ರತಿವಾದಿ ವಕೀಲೆ ಡೇನಿಯೆಲ್ ಮೆಲ್ನಿಕ್. ಆಕೆ ಬಂದ ದಿನ ಸರ್ಕಾರಿ ವಕೀಲರು ಬೆವರುತ್ತಿದ್ದರು. ಆದರೂ ಆಕೆ ಕಥೆಗೆ ಅತಿಥಿ.

2005ರಲ್ಲಿ ಅಮೆರಿಕದ ನೌಕಾಪಡೆಯ ಅಪರಾಧ ತನಿಖಾದಳದ ಕಥೆಯಾದ 'ಎನ್‌ಸಿಐಎಸ್'ಗೆ ಜೀವಾ ಡೇವಿಡ್ ಬಂದಳು. ಇಸ್ರೇಲಿನ ಗೂಢಚಾರ ಸಂಸ್ಥೆ ಮೊಸಾದ್‌ನ ಅಧಿಕಾರಿ, ಅದರ ಮುಖ್ಯಸ್ಥನ ಮಗಳು, ಕತ್ತಿನಲ್ಲಿ ದಾವೀದನ ನಕ್ಷತ್ರದ ಸರ. ಅಡುಗೆಮನೆಯ ಅಮ್ಮನನ್ನು ಅವಳು ಒಂದೇ ಏಟಿಗೆ ಅಳಿಸಿಹಾಕಿದಳು ಎಂದು ಹೇಳುವವರಿದ್ದಾರೆ. ಅಳಿಸಿದ್ದು ನಿಜ. ಆದರೆ ಆ ಜಾಗದಲ್ಲಿ ಬಂದು ಕುಳಿತದ್ದು ಇನ್ನೊಂದು ಅಚ್ಚು ಎಂಬುದು ನನ್ನ ವಾದ. ಅವಳ ನಂತರ ಪರದೆಯ ಮೇಲೆ ಗಟ್ಟಿಗಿತ್ತಿಯಾದ ಯಹೂದಿ ಹೆಣ್ಣು ಎಂದರೆ ಇಸ್ರೇಲಿನವಳು, ಕೊಲ್ಲಲು ತರಬೇತಿ ಪಡೆದವಳು, ಅಪ್ಪನ ನೆರಳಿನಿಂದ ತಪ್ಪಿಸಿಕೊಳ್ಳಲಾಗದವಳು ಎಂಬ ಚಿತ್ರ ಗಟ್ಟಿಯಾಯಿತು. ಬಾಲ್ಟಿಮೋರಿನಲ್ಲೋ ಮ್ಯಾಂಚೆಸ್ಟರಿನಲ್ಲೋ ಆಂಟ್‌ವರ್ಪಿನಲ್ಲೋ ಬದುಕುವ ಲಕ್ಷಾಂತರ ಹೆಂಗಸರು ಆ ಚಿತ್ರದಲ್ಲಿ ಎಲ್ಲಿದ್ದಾರೆ?

ಅಚ್ಚು ಒಡೆಯುವುದು ಹೆಣ್ಣಿನ ಕೈಗೆ ಪಿಸ್ತೂಲು ಕೊಟ್ಟಾಗ ಅಲ್ಲ. ಅವಳಿಗೆ ತಪ್ಪು ಮಾಡುವ ಸ್ವಾತಂತ್ರ್ಯ ಕೊಟ್ಟಾಗ, ಆ ತಪ್ಪನ್ನು ಅವಳ ಇಡೀ ಸಮುದಾಯದ ತಲೆಗೆ ಕಟ್ಟದೆ ಇದ್ದಾಗ. 'ಲೇಡಿ ಇನ್ ದ ಲೇಕ್'ನ ಮ್ಯಾಡಿ ಶ್ವಾರ್ಟ್ಸ್ ಅಂಥ ಹೆಣ್ಣು. 1966ರ ಬಾಲ್ಟಿಮೋರಿನ ಗೃಹಿಣಿ. ಸಮುದಾಯದ ಪುಟ್ಟ ಹುಡುಗಿಯೊಬ್ಬಳು ಕಾಣೆಯಾದ ಹೊತ್ತಿನಲ್ಲೇ ಅವಳು ಗಂಡನ ಮನೆ ಬಿಟ್ಟು ಹೊರಡುತ್ತಾಳೆ. ಹುಡುಗಿಯ ಶವ ಸಿಗುವುದೂ ಅವಳಿಗೇ. ಬಂಧಿತ ಆರೋಪಿಗೆ ಪತ್ರ ಬರೆದು, ಅವನ ಉತ್ತರವನ್ನೇ ಮೆಟ್ಟಿಲು ಮಾಡಿಕೊಂಡು ಪತ್ರಿಕೆಯೊಳಗೆ ಕಾಲಿಡುತ್ತಾಳೆ. ಅವಳಲ್ಲಿ ಹಸಿವಿದೆ, ಸ್ವಾರ್ಥವಿದೆ, ಚೆಲುವನ್ನು ಬಳಸಿಕೊಳ್ಳುವ ಜಾಣತನವೂ ಇದೆ. ಮಗನಿಗೆ ಅವಳು ಒಳ್ಳೆಯ ತಾಯಿ ಎಂದು ಹೇಳಲು ಧೈರ್ಯ ಬೇಕು. ಮಕ್ಕಳನ್ನು ಉಸಿರುಗಟ್ಟಿಸುವಷ್ಟು ಪ್ರೀತಿಸುವ ಆ ಹಳೆಯ ಯಹೂದಿ ತಾಯಿಗೆ ಇದಕ್ಕಿಂತ ನೇರವಾದ ಉತ್ತರವನ್ನು ನಾನು ನೋಡಿಲ್ಲ. ನೀವೇನು ಹೇಳುತ್ತೀರಿ?


ಕಡಲೂರಿನವ ಬರೆದಿದ್ದಾರೆ:

ಜೀವಾಳನ್ನು ಇಷ್ಟು ಸುಲಭವಾಗಿ ಬದಿಗೆ ಸರಿಸಬೇಡಿ. ನಾನು ಆ ಧಾರಾವಾಹಿಯನ್ನು ಮೂರನೆಯ ಸರಣಿಯಿಂದ ಅವಳು ಹೊರಡುವವರೆಗೂ ಬಿಡದೆ ನೋಡಿದವನು. ಮೊದಲ ವರ್ಷದ ಜೀವಾಳನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ನಿಮ್ಮ ಮಾತು ಸರಿ. ಆಗ ಅವಳು ಯಂತ್ರದಂತೆ ಇದ್ದಳು, ಇಂಗ್ಲಿಷ್ ನುಡಿಗಟ್ಟುಗಳನ್ನು ತಪ್ಪಾಗಿ ಹೇಳಿ ನಗಿಸುವುದಷ್ಟೇ ಅವಳ ಮನುಷ್ಯತ್ವಕ್ಕೆ ಪುರಾವೆ. ಆದರೆ ಆ ಪಾತ್ರದ ತಳಪಾಯ ನೋಡಿ: ಅವಳು ಬಂದದ್ದೇ ಮಲಅಣ್ಣ ಆರಿಯನ್ನು ಕಾಯಲು, ಕೊನೆಗೆ ಗುಂಡಿಟ್ಟದ್ದೂ ಅವನಿಗೇ. ಮುಂದೆ ಸೊಮಾಲಿಯಾದ ಸೆರೆಯಿಂದ ಬದುಕಿ ಬಂದು, ಮೊಸಾದ್ ತೊರೆದು, ಅಮೆರಿಕದ ಪೌರತ್ವ ಪಡೆದು, ಅಪ್ಪನ ಎದುರು ನಿಂತಳು. ಹತ್ತನೆಯ ಸರಣಿಯಲ್ಲಿ ಸಬ್ಬತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನದ ಊಟದ ರಾತ್ರಿ ಆ ಅಪ್ಪ ಕೊಲೆಯಾಗುತ್ತಾನೆ. ಶುಕ್ರವಾರದ ದೀಪ, ರೊಟ್ಟಿ, ಪ್ರಾರ್ಥನೆ ಇರುವ ಮೇಜಿನ ಸುತ್ತ ಕಥೆ ಕಟ್ಟುವ ಧೈರ್ಯ ಅಮೆರಿಕದಲ್ಲಿ ಆ ಕಾಲಕ್ಕೆ ಅತಿ ಹೆಚ್ಚು ಜನ ನೋಡುತ್ತಿದ್ದ ಧಾರಾವಾಹಿಗೆ ಇತ್ತಲ್ಲ! ಯಹೂದಿ ಹೆಣ್ಣೊಬ್ಬಳು ಎಂಟು ವರ್ಷ ಪ್ರತಿ ವಾರ ಕೋಟ್ಯಂತರ ಮನೆಗಳಿಗೆ ಬಂದಳು, ಜನ ಅವಳನ್ನು ಮನೆಮಗಳಂತೆ ಪ್ರೀತಿಸಿದರು. 2016ರಲ್ಲಿ ಕಥೆಯೊಳಗೆ ಅವಳು ಸತ್ತಳೆಂದಾಗ ಅಭಿಮಾನಿಗಳು ಒಪ್ಪಲಿಲ್ಲ, 2019ರಲ್ಲಿ ವಾಪಸು ಕರೆತರಲೇಬೇಕಾಯಿತು. 2025ರಲ್ಲಿ ಅವಳ ಹೆಸರಿನಲ್ಲೇ ಹೊಸ ಧಾರಾವಾಹಿಯೂ ಬಂತು.


ತುಂಗಾತೀರ ಬರೆದಿದ್ದಾರೆ:

ಕಡಲೂರಿನವರೇ, ಪ್ರೀತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೀವು ಪಟ್ಟಿ ಮಾಡಿದ್ದನ್ನೇ ಇನ್ನೊಮ್ಮೆ ಓದಿ. ಅಣ್ಣನನ್ನು ಕೊಂದಳು, ಸೆರೆಯಲ್ಲಿ ನರಳಿದಳು, ಅಪ್ಪ ಕೊಲೆಯಾದ, ತಾನೂ ಸತ್ತಳೆನಿಸಿಕೊಂಡಳು. ಅವಳ ಯಹೂದಿತನ ಮುನ್ನೆಲೆಗೆ ಬರುವುದು ಹೆಚ್ಚಾಗಿ ರಕ್ತ ಹರಿದಾಗಲೇ. ಸಬ್ಬತ್ ಮೇಜು ಕೂಡ ಗುಂಡಿನ ದಾಳಿಗೆ ಹಾಕಿದ ವೇದಿಕೆಯೇ ಆಯಿತು. ಆ ಮೇಜಿನ ಮುಂದೆ ಸುಮ್ಮನೆ ಕುಳಿತು ಸಹೋದ್ಯೋಗಿಯ ಮೇಲಿನ ಸಿಟ್ಟನ್ನೋ ಬಾಡಿಗೆಯ ಚಿಂತೆಯನ್ನೋ ಹೇಳಿಕೊಳ್ಳುವ ಜೀವಾಳನ್ನು ನಾನು ನೋಡಬೇಕಿತ್ತು.


ಹಳೆಪುಸ್ತಕ ಬರೆದಿದ್ದಾರೆ:

ಇದು ಟಿವಿಯಿಂದ ಶುರುವಾದದ್ದಲ್ಲ. ಯುರೋಪಿನ ಕಥನದಲ್ಲಿ ಸುಂದರಿ ಯಹೂದಿತಿ ಎಂಬ ಮಾದರಿಗೆ ದೀರ್ಘ ಇತಿಹಾಸವಿದೆ. ಕಪ್ಪು ಕೂದಲು, ಆಳವಾದ ಕಣ್ಣು, ಪೂರ್ವದೇಶದ ಸೊಬಗು, ಜೊತೆಗೆ ಒಂದು ಅಪಾಯ. ಕ್ರೈಸ್ತ ನಾಯಕ ಅವಳನ್ನು ಬಯಸಬಹುದು, ಮದುವೆಯಾಗಲಾರ. 1819ರಲ್ಲಿ ಬಂದ ವಾಲ್ಟರ್ ಸ್ಕಾಟ್‌ನ 'ಐವನ್‌ಹೋ'ದಲ್ಲಿ ರೆಬೆಕ್ಕಾ ಇಡೀ ಕಥೆಯ ಅತ್ಯಂತ ತೂಕದ ವ್ಯಕ್ತಿ. ಮಾಟಗಾತಿಯೆಂದು ಅವಳ ಮೇಲೆ ವಿಚಾರಣೆ ನಡೆಯುತ್ತದೆ. ನಾಯಕ ಕೈಹಿಡಿಯುವುದು ಮಾತ್ರ ರೊವೀನಾಳನ್ನು. ಜೀವಾಳ ಚೆಲುವು ಮತ್ತು ಚಾಕು ಆ ರೆಬೆಕ್ಕಾಳ ಹೊಸ ವೇಷ ಎಂದೇ ನಾನು ನೋಡುತ್ತೇನೆ.

ನಮ್ಮ ದೇಶದ ಸಿನಿಮಾಕ್ಕೂ ಇದರ ಒಂದು ಕವಲು ಬಂದಿದೆ. ಮರ್ಯಾದಸ್ಥ ಮನೆತನದ ಹೆಣ್ಣುಮಕ್ಕಳು ಕ್ಯಾಮೆರಾ ಮುಂದೆ ಬರಲು ಹಿಂಜರಿಯುತ್ತಿದ್ದ ಕಾಲದಲ್ಲಿ ಹಿಂದಿ ಚಿತ್ರರಂಗದ ದೊಡ್ಡ ತಾರೆಯರಲ್ಲಿ ಹಲವರು ಯಹೂದಿಯರು. ಸುಲೋಚನಾ ಎಂದು ಹೆಸರಾದ ರೂಬಿ ಮೈಯರ್ಸ್, 1947ರಲ್ಲಿ ಮಿಸ್ ಇಂಡಿಯಾ ಆದ ಪ್ರಮೀಳಾ ಅಂದರೆ ಎಸ್ತರ್ ಅಬ್ರಹಾಂ, ನಾದಿರಾ ಎನಿಸಿಕೊಂಡ ಫ್ಲಾರೆನ್ಸ್ ಎಜೆಕಿಯಲ್. 1955ರ 'ಶ್ರೀ 420'ರಲ್ಲಿ ನಾದಿರಾಳ ಹೆಸರು ಮಾಯಾ, ಕೆಲಸ ನಾಯಕನನ್ನು ಜೂಜು ಮೋಸಗಳ ಲೋಕಕ್ಕೆ ಸೆಳೆಯುವುದು. ಪಾತ್ರ ಯಹೂದಿಯಲ್ಲ, ನಟಿ ಯಹೂದಿ. ಆದರೂ ಅದೇ ಚೆಲುವು, ಅದೇ ಅಪಾಯ! ಸಿಗರೇಟು ಹಿಡಿದ ಆ ಕೈಯನ್ನು ನೋಡಿದ ತಲೆಮಾರಿಗೆ ಅದರ ಹಿಂದಿದ್ದ ಹೆಣ್ಣಿನ ಮನೆಮಾತು ಯಾವುದು, ಹಬ್ಬ ಯಾವುದು ಎಂಬುದು ಗೊತ್ತೇ ಇರಲಿಲ್ಲ.


ಹಡ್ಸನ್ ದಡದ ಕನ್ನಡತಿ ಬರೆದಿದ್ದಾರೆ:

ನಾನಿರುವುದು ನ್ಯೂಜೆರ್ಸಿಯಲ್ಲಿ, ಟೀನೆಕ್ ಹತ್ತಿರ. ನಮ್ಮ ಬೀದಿಯಲ್ಲಿ ಸಂಪ್ರದಾಯಸ್ಥ ಯಹೂದಿ ಕುಟುಂಬಗಳು ಬಹಳ. ಮದುವೆಯಾದ ಹೆಂಗಸರು ಶೈಟಲ್ ಎಂಬ ಕೃತಕ ಕೂದಲನ್ನೋ ಬಟ್ಟೆಯನ್ನೋ ತಲೆಗೆ ಧರಿಸುತ್ತಾರೆ. ಅದನ್ನು ಕಂಡೊಡನೆ ಹೊರಗಿನವರು ಇವರನ್ನು ದಬ್ಬಾಳಿಕೆಗೆ ಸಿಕ್ಕಿದವರು ಎಂದು ತೀರ್ಮಾನಿಸಿಬಿಡುತ್ತಾರೆ. ಆ ಶೈಟಲ್ ಧರಿಸಿದವರಲ್ಲಿ ಲೆಕ್ಕಪರಿಶೋಧಕಿ, ಮಕ್ಕಳ ವೈದ್ಯೆ, ವಕೀಲೆ ಎಲ್ಲರೂ ಇದ್ದಾರೆ. ಟಿವಿ ಕಥೆಗಳಲ್ಲಿ ಈ ಹೆಂಗಸರಿಗೆ ಸಾಮಾನ್ಯವಾಗಿ ಸಿಗುವುದು ಒಂದೇ ದಾರಿ: ಓಡಿಹೋಗುವುದು. ಸಮುದಾಯ ಬಿಟ್ಟು ಹೊರಬಂದರೆ ನಾಯಕಿ, ಒಳಗೇ ಉಳಿದರೆ ಹಿನ್ನೆಲೆಯ ಗುಂಪು.

ಆದ್ದರಿಂದಲೇ 2023ರ ಬೆಲ್ಜಿಯಂ ಧಾರಾವಾಹಿ 'ರಫ್ ಡೈಮಂಡ್ಸ್' ಬಗ್ಗೆ ಇಲ್ಲಿ ಹೇಳಲೇಬೇಕು. ಆಂಟ್‌ವರ್ಪಿನ ವಜ್ರದ ಬೀದಿ, ಕಟ್ಟಾ ಸಂಪ್ರದಾಯಸ್ಥರಾದ ಹರೇದಿ ಪಂಥದ ವುಲ್ಫ್‌ಸನ್ ಕುಟುಂಬ. ಕಿರಿಯ ಮಗ ಆತ್ಮಹತ್ಯೆ ಮಾಡಿಕೊಂಡಾಗ, ಎಂದೋ ಮನೆ ಬಿಟ್ಟು ಹೋಗಿದ್ದ ಅಣ್ಣ ನೋವಾ ಲಂಡನ್ನಿನಿಂದ ಬರುತ್ತಾನೆ. ವ್ಯಾಪಾರ ಸಾಲದಲ್ಲಿದೆ, ಅಪರಾಧಿಗಳ ಕೂಟ ಬಾಗಿಲಿಗೆ ಬಂದಿದೆ. ನನ್ನ ಕಣ್ಣು ನೆಟ್ಟದ್ದು ಆ ಮನೆಯ ಮಗಳು ಆಡೀನಾಳ ಮೇಲೆ. ಕಲ್ಲನ್ನು ನೋಡುವ ಕಣ್ಣು ಅವಳಿಗಿದೆ, ಲೆಕ್ಕ ಅವಳಿಗೆ ಗೊತ್ತು, ಅಪ್ಪನಿಗೂ ಅಣ್ಣಂದಿರಿಗೂ ಕಾಣದ್ದು ಅವಳಿಗೆ ಕಾಣುತ್ತದೆ. ಆದರೆ ಗದ್ದುಗೆ ಗಂಡಸರದು. ಅವಳು ಸಮುದಾಯ ಬಿಟ್ಟು ಓಡುವುದಿಲ್ಲ. ಆ ಉಡುಪಿನಲ್ಲೇ, ಆ ನಿಯಮಗಳೊಳಗೇ, ಆ ಮೇಜಿನಲ್ಲೇ ತನ್ನ ಕುರ್ಚಿ ಎಲ್ಲಿದೆ ಎಂದು ಕೇಳುತ್ತಾಳೆ. ಈ ಕೇಳುವಿಕೆಯೇ ನನಗೆ ದೊಡ್ಡದಾಗಿ ಕಂಡಿತು. ಸಂಪ್ರದಾಯ ಬಿಡದೆಯೇ ಅದರೊಡನೆ ಜಗಳವಾಡುವ ಅಮ್ಮಂದಿರನ್ನೂ ಅತ್ತೆಯರನ್ನೂ ನೋಡಿ ಬೆಳೆದ ನಮಗೆ ಆಡೀನಾ ಅಪರಿಚಿತಳಲ್ಲ.

ಇನ್ನೊಂದು ಮಾತು. ಆ ಬೀದಿಯ ವ್ಯಾಪಾರದ ದೊಡ್ಡ ಪಾಲು ಇಂದು ಭಾರತೀಯರ ಕೈಯಲ್ಲಿದೆ, ಹೆಚ್ಚಿನವರು ಗುಜರಾತಿನ ಪಾಲನ್‌ಪುರದ ಜೈನರು. ಅಲ್ಲಿ ಕೈಕುಲುಕಿ 'ಮಜಲ್' (ಹೀಬ್ರೂವಿನಲ್ಲಿ ಅದೃಷ್ಟ) ಎಂದು ಹೇಳಿದರೆ ಮಾತು ಮುಗಿಯಿತು, ಕಾಗದ ಬೇಡ. ಗುಜರಾತಿ ವ್ಯಾಪಾರಿಗಳೂ ಅದನ್ನೇ ಹೇಳುತ್ತಾರೆ.


ಮಲೆನಾಡ ಮಳೆ ಬರೆದಿದ್ದಾರೆ:

ಮ್ಯಾಡಿ ಶ್ವಾರ್ಟ್ಸ್ ಬಗ್ಗೆ ನನಗೆ ತಕರಾರಿದೆ. ತುಂಗಾತೀರ ಅವರು ತಪ್ಪು ಮಾಡುವ ಸ್ವಾತಂತ್ರ್ಯ ಎಂದು ಕರೆದದ್ದಕ್ಕೆ ಬೆಲೆ ತೆತ್ತವರು ಯಾರು? ಕ್ಲಿಯೋ. ಗಂಡ ಮಕ್ಕಳಿರುವ, ಹಲವು ಕೆಲಸ ಮಾಡಿ ಸಂಸಾರ ತೂಗಿಸುವ ಕಪ್ಪು ಹೆಣ್ಣು. ಕಾಣೆಯಾದ ಯಹೂದಿ ಹುಡುಗಿಗಾಗಿ ಊರೇ ಎದ್ದು ಹುಡುಕುತ್ತದೆ, ಕ್ಲಿಯೋಗಾಗಿ ಯಾರೂ ಎದ್ದೇಳುವುದಿಲ್ಲ. ಮ್ಯಾಡಿಗೆ ಅವಳು ಒಂದು ಸುದ್ದಿ, ಒಂದು ಅವಕಾಶ. ಒಬ್ಬ ಹೆಣ್ಣು ತನ್ನ ಅಚ್ಚಿನಿಂದ ಹೊರಬರಲು ಇನ್ನೊಬ್ಬಳ ಸಾವನ್ನು ಏಣಿ ಮಾಡಿಕೊಂಡರೆ ಅದನ್ನು ಬಿಡುಗಡೆ ಎನ್ನಲು ನನ್ನಿಂದಾಗದು.


ತುಂಗಾತೀರ ಬರೆದಿದ್ದಾರೆ:

ಮಲೆನಾಡ ಮಳೆಯವರೇ, ಧಾರಾವಾಹಿ ನಿಮ್ಮ ಪಕ್ಷದಲ್ಲೇ ಇದೆ. ನಿರೂಪಣೆಯ ದನಿಯನ್ನು ನೆನಪಿಸಿಕೊಳ್ಳಿ, ಅದು ಕ್ಲಿಯೋಳದು. ನನ್ನ ಕಥೆಯ ಕೊನೆಯಲ್ಲಿ ಬಂದು ನೀನು ಅದನ್ನು ನಿನ್ನ ಆರಂಭ ಮಾಡಿಕೊಂಡೆ ಎಂಬ ಅರ್ಥದ ಆರೋಪವನ್ನು ಅವಳು ಮೊದಲೇ ಹೊರಿಸುತ್ತಾಳೆ. ಕ್ಲಿಯೋ ಆಗಿ ನಟಿಸಿದ ಮೋಸಸ್ ಇಂಗ್ರಾಂ ಆ ಮಾತುಗಳನ್ನು ಹೇಳುವ ಬಗೆ ಕಿವಿಯಲ್ಲಿ ಉಳಿಯುತ್ತದೆ. ಲಾರಾ ಲಿಪ್‌ಮನ್ ಅವರ ಮೂಲ ಕಾದಂಬರಿಗೂ ಇದೇ ಬೆನ್ನೆಲುಬು: ಬಾಲ್ಟಿಮೋರಿನಲ್ಲಿ 1969ರಲ್ಲಿ ನಡೆದ ಎರಡು ಸಾವುಗಳು, ಒಂದಕ್ಕೆ ಪತ್ರಿಕೆಗಳ ತುಂಬ ಜಾಗ, ಇನ್ನೊಂದಕ್ಕೆ ಮೂಲೆ. ನಿರ್ದೇಶಕಿ ಅಲ್ಮಾ ಹರೆಲ್ ಇಸ್ರೇಲಿನವರು, ಮ್ಯಾಡಿಯಾಗಿ ನಟಿಸಿದ ನಟಾಲಿ ಪೋರ್ಟ್‌ಮನ್ ಹುಟ್ಟಿದ್ದು ಜೆರುಸಲೇಮಿನಲ್ಲಿ. ತಮ್ಮ ಸಮುದಾಯದ ಹೆಣ್ಣನ್ನು ಬರೀ ನೊಂದವಳಾಗಿ ತೋರಿಸುವುದು ಅವರಿಗೆ ಸುಲಭವಿತ್ತು. ಯಹೂದಿ ದ್ವೇಷ ಅನುಭವಿಸಿದವಳು ಬಿಳಿಯ ಚರ್ಮದ ಸವಲತ್ತನ್ನೂ ಅನುಭವಿಸುತ್ತಾಳೆ, ಎರಡೂ ಒಂದೇ ಮೈಯಲ್ಲಿ ಇರಬಲ್ಲವು ಎಂದು ತೋರಿಸಲು ಹೆಚ್ಚು ಎದೆಗಾರಿಕೆ ಬೇಕು. ನಿಮಗೆ ಮ್ಯಾಡಿಯ ಮೇಲೆ ಸಿಟ್ಟು ಬಂದಿದೆ. ಯಹೂದಿಯೆಂದಲ್ಲ, ಮ್ಯಾಡಿಯೆಂದು ಬಂದಿದೆ. ನಾನು ಕೇಳುತ್ತಿರುವುದು ಇಷ್ಟನ್ನೇ.


ಮಲೆನಾಡ ಮಳೆ ಬರೆದಿದ್ದಾರೆ:

ಈ ಕೊನೆಯ ಮಾತನ್ನು ಒಪ್ಪುತ್ತೇನೆ. ಸಿಟ್ಟು ಮಾತ್ರ ಹಾಗೇ ಇದೆ.


ನಡುಗಡ್ಡೆ ಬರೆದಿದ್ದಾರೆ:

ಯಾರೂ ಮುಟ್ಟದ ವಿಷಯವೊಂದಿದೆ. ಈ ಗೂಢಚಾರಿಣಿ ಕಥೆಗಳನ್ನು ಗಾಜಾ, ಪಶ್ಚಿಮ ದಂಡೆಗಳನ್ನು ಮರೆತು ನೋಡಲು ಆಗುತ್ತದೆಯೇ? ಮೊಸಾದ್ ಹೆಣ್ಣು ಚೆಲುವೆ, ಚತುರೆ, ಅವಳೆದುರು ಅರಬ್ಬರು ಅಥವಾ ಇರಾನಿಗಳು ಹೆಸರಿಲ್ಲದ ಗುಂಪು. ಹೆಣ್ಣಿನ ಸಿದ್ಧಮಾದರಿ ಒಡೆಯುತ್ತೇವೆ ಎನ್ನುತ್ತಾ ಇನ್ನೊಂದು ಜನಾಂಗದ ಸಿದ್ಧಮಾದರಿಯನ್ನು ಬಲಪಡಿಸಿದರೆ ಲೆಕ್ಕ ಎಲ್ಲಿಗೆ ಬಂತು?


ಹಳೆಪುಸ್ತಕ ಬರೆದಿದ್ದಾರೆ:

ನಡುಗಡ್ಡೆಯವರ ಪ್ರಶ್ನೆ ನ್ಯಾಯವಾದದ್ದು. ಬಹಳ ಕಥೆಗಳು ಅದಕ್ಕೆ ಉತ್ತರ ಕೊಡದೆ ಜಾರಿಕೊಳ್ಳುತ್ತವೆ. ಜಾರಿಕೊಳ್ಳದ ಎರಡನ್ನು ಹೇಳುತ್ತೇನೆ.

2014ರ ಬಿಬಿಸಿ ಧಾರಾವಾಹಿ 'ದ ಆನರಬಲ್ ವುಮನ್'ನಲ್ಲಿ ಮ್ಯಾಗಿ ಜಿಲೆನ್‌ಹಾಲ್ ಮಾಡಿದ ನೆಸ್ಸಾ ಸ್ಟೈನ್. ಇಸ್ರೇಲಿಗೆ ಶಸ್ತ್ರ ಮಾರುತ್ತಿದ್ದ ಅಪ್ಪ ಅವಳ ಕಣ್ಣೆದುರೇ ಕೊಲೆಯಾದವನು. ಅವಳು ಆ ಹಣವನ್ನೇ ಪಶ್ಚಿಮ ದಂಡೆಯಲ್ಲಿ ದೂರಸಂಪರ್ಕದ ಕೇಬಲ್ ಹಾಕಲು, ಶಿಕ್ಷಣಕ್ಕೆ ಬಳಸಲು ಹೊರಡುತ್ತಾಳೆ. ಅವಳ ಮೈಮೇಲೆ ಬಿದ್ದ ಹಿಂಸೆಯನ್ನು ಕಥೆ ಮುಚ್ಚಿಡುವುದಿಲ್ಲ, ಅವಳ ಕುಟುಂಬ ಇತರರಿಗೆ ಮಾಡಿದ ಹಿಂಸೆಯನ್ನೂ ಮುಚ್ಚಿಡುವುದಿಲ್ಲ. ಪ್ಯಾಲೆಸ್ಟೀನಿನ ಆತಿಕಾ ಅವಳಷ್ಟೇ ತೂಕದ ಪಾತ್ರ. ಜಿಲೆನ್‌ಹಾಲ್‌ಗೆ ಗೋಲ್ಡನ್ ಗ್ಲೋಬ್ ಬಂದದ್ದು ಸುಮ್ಮನಲ್ಲ.

ಇನ್ನೊಂದು 2019ರ 'ಅವರ್ ಬಾಯ್ಸ್'. 2014ರಲ್ಲಿ ಜೆರುಸಲೇಮಿನ ಪ್ಯಾಲೆಸ್ಟೀನಿ ಹುಡುಗ ಮೊಹಮ್ಮದ್ ಅಬು ಖ್ದೇರ್‌ನನ್ನು ಯಹೂದಿ ತೀವ್ರವಾದಿಗಳು ಕೊಂದ ನಿಜ ಘಟನೆಯ ಮೇಲೆ ಕಟ್ಟಿದ್ದು. ಹಗಾಯ್ ಲೆವಿ, ಜೋಸೆಫ್ ಸೆಡಾರ್, ತೌಫಿಕ್ ಅಬು ವಾಯಿಲ್ ಮೂವರೂ ಸೇರಿ ರೂಪಿಸಿದರು. ಅದರಲ್ಲಿ ನೋವಾ ಕೋಲರ್ ನಿರ್ವಹಿಸಿದ ಧರ್ಮನಿಷ್ಠ ಮನೋವೈದ್ಯೆ ದ್ವೋರಾ ಇದ್ದಾಳೆ. ವೃತ್ತಿಯ ಗುಟ್ಟು, ತನ್ನ ಶ್ರದ್ಧೆ, ತನ್ನವರೇ ಎಸಗಿದ ಕ್ರೌರ್ಯ, ಈ ಮೂರರ ನಡುವೆ ನಿಂತ ಹೆಣ್ಣು. ಗುಂಡಿಲ್ಲ, ಓಟವಿಲ್ಲ, ಕುರ್ಚಿಯಲ್ಲಿ ಕುಳಿತು ಕೇಳಿಸಿಕೊಳ್ಳುವುದೇ ಅವಳ ಕೆಲಸ. ಆಗಿನ ಇಸ್ರೇಲಿ ಪ್ರಧಾನಿ ನೆತನ್ಯಾಹು ಈ ಧಾರಾವಾಹಿಯನ್ನು ಯಹೂದಿ ವಿರೋಧಿ ಎಂದು ಕರೆದರು. ಯಹೂದಿ ವಿರೋಧಿಗಳು ಮಾಡಿದ್ದಾಗಿದ್ದರೆ ದ್ವೋರಾಳಂಥ ಹೆಣ್ಣು ಅಲ್ಲಿ ಇರುತ್ತಲೇ ಇರಲಿಲ್ಲ.


ಕಡಲೂರಿನವ ಬರೆದಿದ್ದಾರೆ:

ಇರಾನಿಗಳು ಗುಂಪು ಮಾತ್ರ ಎಂಬುದಕ್ಕೆ ಇಸ್ರೇಲಿ ಧಾರಾವಾಹಿ 'ಟೆಹ್ರಾನ್' ಒಳ್ಳೆಯ ಪ್ರತ್ಯುತ್ತರ. ಅದರ ನಾಯಕಿ, ಮೊಸಾದ್‌ನ ತಮಾರ್ ರಾಬಿನ್ಯಾನ್ ಹುಟ್ಟಿದ್ದೇ ಇರಾನಿನಲ್ಲಿ, ಮನೆಮಾತು ಪಾರ್ಸಿ. ಅಮ್ಮಾನಿನಿಂದ ದೆಹಲಿಗೆ ಹೊರಟ ವಿಮಾನ ಟೆಹ್ರಾನಿನಲ್ಲಿ ಇಳಿಯುತ್ತದೆ. ವಿದ್ಯುತ್ ಕಂಪನಿಯ ಉದ್ಯೋಗಿಯೊಬ್ಬಳ ಗುರುತು ಹೊತ್ತು ಅವಳು ಊರೊಳಗೆ ನುಸುಳುತ್ತಾಳೆ. ಮೊದಲ ಹೆಜ್ಜೆಯಲ್ಲೇ ಎಲ್ಲ ಕೆಡುತ್ತದೆ. ಆಮೇಲೆ ಅವಳು ಜಗತ್ತನ್ನೇ ನಡುಗಿಸುವ ಗೂಢಚಾರಿಣಿಯಲ್ಲ, ಹೆದರಿದ ಹುಡುಗಿ. ಮತಾಂತರಗೊಂಡು ಅಲ್ಲೇ ಉಳಿದ ಚಿಕ್ಕಮ್ಮನ ಬಾಗಿಲು ತಟ್ಟುತ್ತಾಳೆ. ಬೆನ್ನಟ್ಟುವ ಫರಾಜ್ ಕಮಾಲಿಗೆ ಕಾಯಿಲೆಯ ಹೆಂಡತಿ ಇದ್ದಾಳೆ, ಅವನ ಪ್ರೀತಿ ನಿಜ. ನಿವ್ ಸುಲ್ತಾನ್ ಈ ಪಾತ್ರಕ್ಕಾಗಿ ಪಾರ್ಸಿ ಕಲಿತರು. ಯಹೂದಿ ಎಂದರೆ ಪೋಲೆಂಡಿನಿಂದಲೋ ಜರ್ಮನಿಯಿಂದಲೋ ಬಂದವರು ಎಂದುಕೊಂಡಿರುವವರಿಗೆ ತಮಾರ್ ಒಬ್ಬಳೇ ಸಾಕು. 2020ರಲ್ಲಿ ಅಂತರರಾಷ್ಟ್ರೀಯ ಎಮ್ಮಿ ನಮ್ಮ 'ದೆಲ್ಲಿ ಕ್ರೈಮ್'ಗೆ ಬಂತು, ಮರುವರ್ಷ ಅದೇ ಪ್ರಶಸ್ತಿ 'ಟೆಹ್ರಾನ್'ಗೆ. ಎರಡರ ನಡುವಿನಲ್ಲೂ ಕೆಲಸದ ಭಾರ ಹೊತ್ತ ಹೆಣ್ಣೇ ಇದ್ದಾಳೆ.


ಹೊಸಬೆಳಕು ಬರೆದಿದ್ದಾರೆ:

ನಾನು ಇಲ್ಲಿ ಹೊಸಬಳು. ಇಷ್ಟೊಂದು ಹೆಸರುಗಳಲ್ಲಿ ಒಂದನ್ನು ಮಾತ್ರ ನೋಡಲು ಸಮಯವಿದ್ದರೆ ಯಾವುದು? ರಕ್ತಪಾತ ಕಡಿಮೆ ಇರಲಿ. ನಾಜಿಗಳನ್ನು ಬೇಟೆಯಾಡುವವರ ಕಥೆ 'ಹಂಟರ್ಸ್' ಶುರುಮಾಡಿ ಅರ್ಧಕ್ಕೆ ಬಿಟ್ಟೆ. ನಾಜಿ ಶಿಬಿರದ ಕೈದಿಗಳನ್ನು ಚದುರಂಗದ ಕಾಯಿಗಳಾಗಿಸಿ ಕೊಲ್ಲುವ ದೃಶ್ಯ ನೋಡಲಾಗಲಿಲ್ಲ.


ಹಡ್ಸನ್ ದಡದ ಕನ್ನಡತಿ ಬರೆದಿದ್ದಾರೆ:

ಆ ದೃಶ್ಯವನ್ನು ಆಶ್‌ವಿಟ್ಸ್ ಸ್ಮಾರಕದವರೇ ಖಂಡಿಸಿದರು, ನಡೆಯದ ಕ್ರೌರ್ಯವನ್ನು ಕಲ್ಪಿಸುವುದು ನಿಜವನ್ನು ಅಲ್ಲಗಳೆಯುವವರಿಗೆ ಅನುಕೂಲ ಎಂದು. ನೀವು 'ರಿಡ್ಲಿ ರೋಡ್' ನೋಡಿ. ನಾಲ್ಕೇ ಕಂತು, 2021ರ ಬಿಬಿಸಿ ನಿರ್ಮಾಣ. 1962ರಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಕಾಲಿನ್ ಜೋರ್ಡನ್ ಎಂಬ ನವನಾಜಿ ಬಹಿರಂಗ ಸಭೆ ನಡೆಸಿದ್ದು ಚರಿತ್ರೆ, ಅವನ ಗುಂಪನ್ನು ಎದುರಿಸಲು ಯಹೂದಿಗಳು '62 ಗ್ರೂಪ್' ಕಟ್ಟಿದ್ದೂ ಚರಿತ್ರೆ. ಅದರೊಳಗೆ ಹೆಣೆದ ಕಲ್ಪಿತ ಪಾತ್ರ ವಿವಿಯನ್ ಎಪ್‌ಸ್ಟೈನ್, ಮ್ಯಾಂಚೆಸ್ಟರಿನಿಂದ ಓಡಿಬಂದ ಕೇಶವಿನ್ಯಾಸಕಿ. ಸೇನೆಯ ತರಬೇತಿ ಇಲ್ಲ, ಮೊಸಾದ್ ಇಲ್ಲ. ಕೂದಲಿಗೆ ಬಿಳಿಹೊಂಬಣ್ಣ ಹಚ್ಚಿಕೊಂಡು ಶತ್ರುವಿನ ಮನೆಯೊಳಗೆ ಹೋಗುತ್ತಾಳೆ. ಕೂದಲಿನ ಕೆಲಸ ಬಲ್ಲವಳಿಗೆ ಒಬ್ಬರನ್ನು ಇನ್ನೊಬ್ಬರಂತೆ ಕಾಣಿಸುವುದು ಗೊತ್ತು. ಅವಳ ಸಾಮಾನ್ಯ ಕಸುಬೇ ಅವಳ ಆಯುಧ.


ಬೆಳಗಿನ ರೈಲು ಬರೆದಿದ್ದಾರೆ:

ವಕೀಲರ ಕಥೆ 'ದ ಗುಡ್ ಫೈಟ್'ನ ಮರಿಸ್ಸಾ ಗೋಲ್ಡ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಕಾರ್ಯದರ್ಶಿಯಾಗಿ ಸೇರಿ ಪತ್ತೇದಾರಿಣಿಯಾದವಳು, ಮಾತಿನ ಮಲ್ಲಿ. ಯಹೂದಿತನ ಅವಳ ಮಾತಿನ ಧಾಟಿಯಲ್ಲೇ ಇದೆ. ಅದರ ಮೇಲೆ ದುರಂತದ ಸಂಗೀತ ಸುರಿಯುವುದಿಲ್ಲ. ನನಗೆ ಎಲ್ಲರಿಗಿಂತ ಇಷ್ಟವಾದವಳು ಅವಳು.


ತುಂಗಾತೀರ ಬರೆದಿದ್ದಾರೆ:

ಮರಿಸ್ಸಾ! ಹೌದು, ಮೇಜಿನ ಮುಂದೆ ಕುಳಿತು ಸಹೋದ್ಯೋಗಿಯನ್ನು ಬೈಯುವ ಯಹೂದಿ ಹೆಣ್ಣನ್ನು ಕೇಳಿದ್ದೆ, ಇವಳೇ ಅವಳು.


ಹಳೆಪುಸ್ತಕ ಬರೆದಿದ್ದಾರೆ:

ನನ್ನದೊಂದು ಆಸೆ ಇದೆ. ಕೊಂಕಣ ತೀರದ ಯಹೂದಿಗಳಾದ ಬೆನೆ ಇಸ್ರೇಲಿಗಳು ಶತಮಾನಗಳಿಂದ ಮರಾಠಿ ಮಾತನಾಡುತ್ತಾ ಬದುಕಿದವರು. ಗಾಣದ ಎಣ್ಣೆ ತೆಗೆಯುವ ಕಸುಬಿನಲ್ಲಿದ್ದು ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಊರವರು ಅವರನ್ನು ಶನಿವಾರ್ ತೇಲಿ ಎಂದು ಕರೆದರು. ಈಗ ಮುಂಬೈ, ಠಾಣೆ ನಗರಗಳಲ್ಲಿ ಕೆಲವು ಸಾವಿರ ಮಂದಿ ಉಳಿದಿದ್ದಾರೆ. ನಾನು ಬಯಸುವ ಕಥೆ ಇದು: ಠಾಣೆ ನಗರದ ಪೊಲೀಸ್ ಠಾಣೆಯೊಂದರಲ್ಲಿ ಬೆನೆ ಇಸ್ರೇಲ್ ಮನೆತನದ ಮಹಿಳಾ ಇನ್ಸ್‌ಪೆಕ್ಟರ್, ವಯಸ್ಸು ಐವತ್ತರ ಮೇಲೆ, ಶುಕ್ರವಾರ ಸಂಜೆ ಮನೆಗೆ ಹೋಗಲು ರಜೆ ಕೇಳಿದರೆ ಮೇಲಧಿಕಾರಿಗೆ ಕಾರಣವೇ ಅರ್ಥವಾಗದು. ಅವಳ ಮುಂದೆ ಗಡಿಯಾಚೆಯ ಯಾವ ಸಂಚೂ ಬೇಡ. ಹಳೆಯ ಚಾಳಿನಲ್ಲಿ ನಡೆದ ಒಂದು ಆಸ್ತಿ ಜಗಳದ ಕೊಲೆ ಸಾಕು. ಹಿಂದಿಯಲ್ಲೋ ಮರಾಠಿಯಲ್ಲೋ ಇದನ್ನು ಬರೆಯುವವರು ಯಾರಾದರೂ ಇದ್ದರೆ ಮೊದಲ ಪ್ರೇಕ್ಷಕ ನಾನು.


ಮಲೆನಾಡ ಮಳೆ ಬರೆದಿದ್ದಾರೆ:

ಆ ಕೊಲೆಯನ್ನು ಪತ್ತೆಹಚ್ಚುವಾಗ ಅವಳು ಒಮ್ಮೆಯಾದರೂ ತಪ್ಪು ಮನುಷ್ಯನನ್ನು ಬಂಧಿಸಲಿ. ಅವನ ಹೆಂಡತಿಗೂ ಒಂದು ಹೆಸರಿರಲಿ, ಪೂರ್ತಿ ಒಂದು ಕಂತಿರಲಿ.